ಅರವತ್ತರ ನಂತರ ಕಾಲೇಜು: ಫೇಲಾಗುವ ಸರಿಯಾದ ಕ್ರಮ

ನಿವೃತ್ತಿಯ ದಿನ ಹಾಕಿದ ಹಾರ ಬಾಡುವ ಮೊದಲೇ ಕಾಲೇಜಿಗೆ ಅರ್ಜಿ ಹಾಕಿ. ತಡಮಾಡಿದರೆ ಮನೆಯವರು ಕೈಗೆ ತರಕಾರಿ ಚೀಲ ಕೊಟ್ಟಿರುತ್ತಾರೆ. ಮಗನ ಮನೆಯೆಂದು ಚೆನ್ನೈಗೆ ಬಂದು ನೆಲೆಸಿದ ಕನ್ನಡಿಗರಾಗಿದ್ದರೆ ನಿಮ್ಮ ಪುಣ್ಯ ದೊಡ್ಡದು. ಓದದೇ ಇರುವುದಕ್ಕೆ ಬೇಕಾದ ಸಕಲ ಅನುಕೂಲವೂ ಈ ಊರಿನಲ್ಲಿದೆ.

ಕೋರ್ಸನ್ನು ಕಿವಿಯಿಂದ ಆರಿಸಿ. ನಿಮಗೇನು ಇಷ್ಟ ಎಂದು ಯೋಚಿಸಬೇಡಿ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗ ಪಕ್ಕದವರಿಗೆ ಹೇಗೆ ಕೇಳಿಸುತ್ತದೆ ಎನ್ನುವುದನ್ನಷ್ಟೇ ನೋಡಿ. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್‌ನ ಆನ್‌ಲೈನ್ ಪದವಿಯೊಂದನ್ನು ಶುರುಮಾಡಿತು. ಜೆಇಇ ಬೇಕಿಲ್ಲ, ವಯಸ್ಸಿನ ಮಿತಿಯಿಲ್ಲ. ನಾಲ್ಕು ವಾರ ಪಾಠ, ವಾರವಾರ ಅಸೈನ್‌ಮೆಂಟ್, ಆಮೇಲೆ ಕ್ವಾಲಿಫೈಯರ್ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಮಾತ್ರ ಪ್ರವೇಶ. ಕೊನೆಯ ಮಾತನ್ನು ಯಾರ ಹತ್ತಿರವೂ ಆಡಬೇಡಿ. ಅರ್ಜಿ ಹಾಕಿದ ಸಂಜೆಯೇ ‘ಐಐಟಿ ಸೇರಿದೆ’ ಎಂದುಬಿಡಿ. ಸರ್ದಾರ್ ಪಟೇಲ್ ರಸ್ತೆಯ ಮುಖ್ಯ ಗೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಿ. 1959ರಲ್ಲಿ ಹುಟ್ಟಿದ ಈ ಸಂಸ್ಥೆ ಎದ್ದದ್ದೇ ಗಿಂಡಿಯ ಕಾಡಿನಲ್ಲಿ. ಒಳಗೆ ಇಂದಿಗೂ ಜಿಂಕೆಗಳು ಓಡಾಡುತ್ತವೆ. ಒಳಗೆ ಬಿಡದಿದ್ದರೆ ಹತ್ತಿರದ ಗಿಂಡಿ ಚಿಲ್ಡ್ರನ್ಸ್ ಪಾರ್ಕಿಗೆ ಹೋಗಿ ಅಲ್ಲಿನ ಜಿಂಕೆಯನ್ನು ಹಿನ್ನೆಲೆಗೆ ಬಳಸಿ. ಫ್ಯಾಮಿಲಿ ಗ್ರೂಪಿನಲ್ಲಿ ಇದು ಎಲ್ಲಿಯ ಜಿಂಕೆ ಎಂದು ಯಾರೂ ಕೇಳುವುದಿಲ್ಲ.

ವಾರದ ಅಸೈನ್‌ಮೆಂಟನ್ನು ಮೊಮ್ಮಗನಿಗೆ ವಹಿಸಿ. ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು, ಮೊಮ್ಮಗನನ್ನು ಕಳುಹಿಸಲು ಬರುವುದಿಲ್ಲ. ಅಲ್ಲಿ ನಿಮ್ಮನ್ನು ಮೇಲ್ವಿಚಾರಕರೆಂದು ತಿಳಿದು ಹುಡುಗರು ಎದ್ದು ನಿಂತರೆ ತಿದ್ದಬೇಡಿ. ಕೂರಿ ಎಂದು ಕೈಸನ್ನೆ ಮಾಡಿ. ಆ ದಿನ ಸಿಗುವ ಮರ್ಯಾದೆ ಅಷ್ಟೇ. ಐಐಟಿಯ ದೊಡ್ಡ ದೋಷವೆಂದರೆ ತಿಂಗಳೊಪ್ಪತ್ತಿನಲ್ಲಿ ಸತ್ಯ ಹೇಳಿಬಿಡುವುದು. ನಿಧಾನವಾಗಿ, ಘನತೆಯಿಂದ ಫೇಲಾಗಬೇಕೆನ್ನುವವರು ದೂರಶಿಕ್ಷಣದ ಇಗ್ನೋ ಹಿಡಿಯಿರಿ. ಮೂರು ವರ್ಷದ ಬಿಎ ಮುಗಿಸಲು ಆರು ವರ್ಷ ಕಾಲಾವಕಾಶವಿದೆ. ದುಡ್ಡು ಕೊಟ್ಟು ಪಡೆದದ್ದು, ಪೂರ್ತಿ ಬಳಸಿಕೊಳ್ಳಿ.

ಪುಸ್ತಕದ ಕಟ್ಟು ಅಂಚೆಯಲ್ಲಿ ಮನೆಗೇ ಬರುತ್ತದೆ. ಬಿಚ್ಚಬೇಡಿ. ಶೋಕೇಸಿನಲ್ಲಿ, ಬೀಳ್ಕೊಡುಗೆಗೆ ಬಂದ ಗಣಪತಿಯ ಪಕ್ಕದಲ್ಲಿಡಿ.

ಇನ್ನು ತರಗತಿ. ಇಡೀ ಕೈಪಿಡಿಯಲ್ಲಿ ಮುಖ್ಯವಾದ ಭಾಗ ಇದು, ನಿಧಾನವಾಗಿ ಓದಿ. ಸ್ಟಡಿ ಸೆಂಟರಿನಲ್ಲಿ ಶನಿವಾರ, ಭಾನುವಾರ ಪಾಠ ನಡೆಯುತ್ತದೆ. ಮ್ಯಾನೇಜರಾಗಿ ನಿವೃತ್ತರಾದವರು ಮ್ಯಾನೇಜರಾಗಿಯೇ ಒಳಗೆ ಹೋಗಿ. ಇನ್‌ಶರ್ಟ್ ಇರಲಿ, ಜೇಬಿನಲ್ಲಿ ಎರಡು ಪೆನ್ನಿರಲಿ. ಹಿಂದಿನ ಬೆಂಚಿನಲ್ಲಿ ಕೂರಿ, ಆದರೆ ಅದು ಹೆಡ್ ಆಫೀಸಿನಿಂದ ಇನ್ಸ್‌ಪೆಕ್ಷನ್ನಿಗೆ ಬಂದವರು ಕೂರುವ ಹಾಗಿರಲಿ. ಪಾಠ ಹೇಳುವಾಕೆಗೆ ನಿಮ್ಮ ಮಗಳ ವಯಸ್ಸಿರುತ್ತದೆ. ‘ಮೇಡಂ’ ಎನ್ನಬೇಡಿ. ‘ಏನಮ್ಮಾ, ಯಾವ ಊರು ನಿಮ್ಮದು?’ ಎಂದು ಶುರುಮಾಡಿ, ಆಕೆಯ ತಂದೆ ಯಾವ ಇಲಾಖೆಯಲ್ಲಿದ್ದರು ಎನ್ನುವಲ್ಲಿಗೆ ತಲುಪಿ. ಅರ್ಥವಾಗದ್ದನ್ನು ಎಂದೂ ಕೇಳಬೇಡಿ. ಅರ್ಥವಾದದ್ದನ್ನು ಕೇಳಿ, ಉತ್ತರವನ್ನೂ ನೀವೇ ಹೇಳಿ.

ಹರಪ್ಪದ ಚರಂಡಿಯ ಬಗ್ಗೆ ಪಾಠ ನಡೆಯುತ್ತಿದೆ ಎನ್ನಿ. ಕೈ ಎತ್ತಿ. ಇದೇ ಊರಿನ ವಿಶ್ವವಿದ್ಯಾನಿಲಯಕ್ಕೂ ಕನ್ನಡಿಗರಿಗೂ ಇರುವ ಸಂಬಂಧವನ್ನು ವಿವರಿಸಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವ ತನಕ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೇ ಸೇರಿದ್ದವು ಎನ್ನಿ. ಮಾಸ್ತಿ 1914ರಲ್ಲಿ ಎಂಎ ಪಡೆದದ್ದು ಇಲ್ಲೇ ಎನ್ನಿ. ಮಂಗಳೂರಿನ ಕಡೆಯವರಾದರೆ, 1956ರವರೆಗೆ ನಮ್ಮ ಜಿಲ್ಲೆಯೇ ಮದ್ರಾಸ್ ರಾಜ್ಯದಲ್ಲಿತ್ತು ಎಂದು ಸೇರಿಸಿ. ಅಜ್ಜನ ಬಿಎ ಸರ್ಟಿಫಿಕೇಟ್ ಮೊಬೈಲಿನಲ್ಲಿದ್ದರೆ ಬೆಂಚಿನಿಂದ ಬೆಂಚಿಗೆ ದಾಟಿಸಿ. ಮಾಸ್ತಿ ಓದಿ ಪಾಸಾದರು ಎನ್ನುವ ವಿವರವನ್ನು ಮಾತ್ರ ಒತ್ತಿ ಹೇಳಬೇಡಿ. ಇಷ್ಟು ಹೊತ್ತಿಗೆ ಗಂಟೆಯಾಗಿರುತ್ತದೆ. ಹರಪ್ಪದ ಚರಂಡಿ ಹಾಗೇ ಉಳಿದಿರುತ್ತದೆ, ಪರೀಕ್ಷೆಯಲ್ಲಿ ಅದೇ ಬರುತ್ತದೆ.

ಹುಡುಗರು ‘ಅಂಕಲ್’ ಎನ್ನುತ್ತಾರೆ. ಸಿಟ್ಟಾಗಿ. ಅವರು ನೋಟ್ಸ್ ಕೊಡಲು ಬಂದರೆ ಬೇಡವೆನ್ನಿ, ಬದಲಿಗೆ ಜೀವನದ ಬಗ್ಗೆ ಎರಡು ಮಾತು ಹೇಳಿ. ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡರೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳುಹಿಸಿ. ಅವರು ನಿಮ್ಮನ್ನು ಬಿಟ್ಟು ಬೇರೆ ಗುಂಪು ಮಾಡಿಕೊಳ್ಳುತ್ತಾರೆ. ಪರೀಕ್ಷಾ ಫಾರಂ ತುಂಬುವ ಕೊನೆಯ ದಿನಾಂಕ ಆ ಗುಂಪಿನಲ್ಲಿ ಬರುತ್ತದೆ.

ಅಸೈನ್‌ಮೆಂಟಿಗೆ ಶೇಕಡಾ 30 ಅಂಕ, ಪರೀಕ್ಷೆಗೆ 70. ಅಸೈನ್‌ಮೆಂಟ್ ಕೈಬರಹದಲ್ಲೇ ಇರಬೇಕೆಂಬುದು ನಿಯಮ, ಪಾಲಿಸಿ. ಕೈಗೆ ಕೆಲಸ ಕೊಡಿ, ತಲೆಗೆ ರಜೆ ಕೊಡಿ. ಸಿದ್ಧ ಉತ್ತರಗಳ ಜೆರಾಕ್ಸ್ ಹುಡುಕಿದರೆ ಸಿಗುತ್ತದೆ. ದಪ್ಪ ನಿಬ್ಬಿನಲ್ಲಿ, ಸುಂದರವಾಗಿ, ‘ಮೇಲಿನ ಚಿತ್ರವನ್ನು ನೋಡಿ’ ಎನ್ನುವುದನ್ನೂ ಬಿಡದೆ ಇಳಿಸಿ, ಚಿತ್ರ ಬೇಡ. ಮೊದಲ ಪುಟದಲ್ಲಿ ಜೆರಾಕ್ಸಿನಲ್ಲಿರುವ ಎನ್‌ರೋಲ್‌ಮೆಂಟ್ ನಂಬರನ್ನೇ ಬರೆದುಬಿಡಬೇಡಿ. ಅಥವಾ ಬರೆಯಿರಿ, ಈ ಕೈಪಿಡಿ ಇರುವುದೇ ಅದಕ್ಕೆ.

ಪರೀಕ್ಷೆ ಜೂನಿನಲ್ಲೂ ಇದೆ, ಡಿಸೆಂಬರಿನಲ್ಲೂ ಇದೆ. ಜೂನಿನಲ್ಲಿ ಚೆನ್ನೈಯ ಸೆಕೆಗೆ ಮನುಷ್ಯ ಉಸಿರಾಡುವುದೇ ಹೆಚ್ಚು. ಪರೀಕ್ಷೆ ತಪ್ಪಿಸಲು ಯಾರೂ ಪ್ರಶ್ನಿಸದ ಕಾರಣ ಅದು, ಧೈರ್ಯವಾಗಿ ಹೇಳಿ. ಡಿಸೆಂಬರಿಗೆ ಮಾರ್ಗಳಿಯ ಸಂಗೀತ ಕಛೇರಿಗಳಿವೆ. ಮ್ಯೂಸಿಕ್ ಅಕಾಡೆಮಿಯಿಂದ ಮೈಲಾಪುರದವರೆಗೆ ಸಭೆ ಸಭೆಗೂ ಕ್ಯಾಂಟೀನ್. ‘ಲೈಬ್ರರಿಗೆ ಹೋಗಿಬರುತ್ತೇನೆ’ ಎಂದು ಹೊರಡಿ. ಮಧ್ಯಾಹ್ನದ ಕಛೇರಿಗಳಲ್ಲಿ ಹೆಚ್ಚಿನವಕ್ಕೆ ಟಿಕೆಟ್ ಇರುವುದಿಲ್ಲ, ಒಳಗೆ ಎಸಿ ಇರುತ್ತದೆ, ಆಲಾಪನೆಯಲ್ಲಿ ನಿದ್ದೆ ಹೋದರೆ ತನ್ಮಯತೆ ಎಂದುಕೊಳ್ಳುತ್ತಾರೆ. ನಾಲ್ಕಕ್ಕೆ ಎದ್ದು ತುಪ್ಪದ ದೋಸೆ, ಫಿಲ್ಟರ್ ಕಾಫಿ ಮುಗಿಸಿ, ಕೈ ಚೆನ್ನಾಗಿ ತೊಳೆದು ಮನೆಗೆ ಹೋಗಿ. ಸೊಸೆ ‘ಮಾವ, ಓದು ಹೇಗೆ ನಡೀತಿದೆ?’ ಎಂದರೆ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳಿ, ಮಾತು ಬೇಡ.

ಫಲಿತಾಂಶ ಬಂದಾಗ ತಪ್ಪನ್ನು ಹಂಚುವ ಕ್ರಮ ಹೀಗೆ: ಮೊದಲು ವ್ಯಾಲ್ಯುಯೇಷನ್, ಆಮೇಲೆ ಸಿಲಬಸ್, ಕೊನೆಗೆ ಈಗಿನ ಕಾಲ. ಆರು ವರ್ಷ ತುಂಬಿದ ಮೇಲೂ ಗಾಬರಿ ಬೇಡ, ಫೀ ಕಟ್ಟಿದರೆ ರೀ-ಅಡ್ಮಿಷನ್ ಇದೆ.

ಒಂದೇ ಒಂದು ಅಪಾಯವಿದೆ, ಅದು ಮನೆಯೊಳಗೇ ಇದೆ. ಬೆರಳು ನೋಯುತ್ತದೆಂದು ಅಸೈನ್‌ಮೆಂಟನ್ನು ಹೆಂಡತಿಯ ಕೈಲಿ ಬರೆಸಬೇಡಿ. ಪಿಯುಸಿ ಮುಗಿಸಿ ಮದುವೆಯಾಗಿ ಬಂದವರು ಅವರು. ಬರೆಯುವುದಕ್ಕೆ ಮುಂಚೆ ಓದುತ್ತಾರೆ. ಶೋಕೇಸಿನ ಕಟ್ಟು ಬಿಚ್ಚುತ್ತಾರೆ. ಅಡುಗೆಮನೆಯ ದೀಪ ಆರಿದ ಮೇಲೂ ಊಟದ ಮೇಜಿನ ದೀಪ ಉರಿಯತೊಡಗಿದರೆ ಕೈ ಮೀರಿತೆಂದು ತಿಳಿಯಿರಿ. ಅವರಿಗೆ ಯಾವ ಹುದ್ದೆಯ ಭಾರವೂ ಇಲ್ಲ. ತಾವೇ ಅರ್ಜಿ ಹಾಕಿ ತರಗತಿಗೆ ಬಂದರೆ, ಪಕ್ಕದ ಬೆಂಚಿನ ಹುಡುಗಿಯನ್ನು ‘ಇದು ನಂಗೆ ತಿಳೀಲಿಲ್ಲ, ಸ್ವಲ್ಪ ಹೇಳಿಕೊಡಮ್ಮ’ ಎಂದು ಕೇಳಿಬಿಡುತ್ತಾರೆ, ಹುಡುಗಿ ಹೇಳಿಕೊಟ್ಟೂ ಬಿಡುತ್ತಾಳೆ. ಮುಂದಿನ ಡಿಸೆಂಬರಿಗೆ ಅವರ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ಅಂಗಡಿಗೆ ಹೋಗಬೇಕಾದವರು ನೀವೇ. ಕಲರ್ ಬೇಕೋ, ಬ್ಲ್ಯಾಕ್ ಅಂಡ್ ವೈಟ್ ಸಾಕೋ ಎಂದು ಹೊರಡುವ ಮೊದಲೇ ಕೇಳಿಕೊಳ್ಳಿ.