ಮತಸಮೀಕ್ಷಾ ದೋಷಮೀಮಾಂಸೆ

ಮತಾಭಿಪ್ರಾಯ-ಪ್ರತಿಚಯನ-ಪ್ರಮಾದ-ಮೀಮಾಂಸೆ ಎಂಬ ಈ ಶಾಸ್ತ್ರದ ಜನ್ಮಭೂಮಿ ಶಿವನಸಮುದ್ರ. ಕಾವೇರಿ ಇಲ್ಲಿ ಎರಡಾಗಿ ಸೀಳಿ ಧುಮುಕುತ್ತಾಳೆ. ಮಳವಳ್ಳಿ ಕಡೆಯ ಗಗನಚುಕ್ಕಿಯ ಕಟಕಟೆ ಹಿಡಿದು ನಿಂತವನಿಗೆ ಕಾಣುವುದು ಒಂದೇ ಕವಲು. ಭರಚುಕ್ಕಿ ಅತ್ತ ಕೊಳ್ಳೇಗಾಲದ ಕಡೆಗೆ. ಕಂಡಷ್ಟನ್ನೇ ಇಡೀ ನದಿಯೆಂದು ಸಾರುವುದಕ್ಕೆ ಆಚಾರ್ಯರು 'ಪ್ರಾತಿನಿಧಿಕ ಮಾದರಿ' ಎನ್ನುತ್ತಾರೆ.

ಪ್ರಥಮ ದೋಷ, ಏಕಕವಲು-ದರ್ಶನ. ಕಟಕಟೆಯ ಬಳಿ ಸಿಗುವವರು ಬೆಂಗಳೂರಿನ ಭಾನುವಾರದವರು. ಇಲ್ಲಿಯ ಮತದಾರ ಕಬ್ಬಿನ ಗದ್ದೆಯಲ್ಲಿರುತ್ತಾನೆ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಟೆಲಿಫೋನು, ಕಾರು ಇದ್ದವರ ಪಟ್ಟಿ ಹಿಡಿದು, ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಉತ್ತರ ಗುಡ್ಡೆ ಹಾಕಿ, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟರನ್ನು ಕಾಗದದ ಮೇಲೆ ಸೋಲಿಸಿತ್ತು. ಅವರು ಭರ್ಜರಿಯಾಗಿ ಗೆದ್ದರು.

ದ್ವಿತೀಯ ದೋಷ, ಉತ್ತರದಾತೃ-ದಾಕ್ಷಿಣ್ಯ. ಟ್ಯಾಬ್ ಹಿಡಿದ ಹುಡುಗ ಮೊದಲು ಜಾತಿ ಕೇಳಿದ, ಆಮೇಲೆ ಓಟು. ಬದುವಿನ ಮೇಲಿದ್ದ ಅಜ್ಜ, "ನೀವ್ಯೋಳ್ದವ್ರಿಗೇ ಆಕುಮಾ ಬುಡಿ ಸಾ" ಎಂದ. ಇದಕ್ಕೆ ಟ್ಯಾಬಿನಲ್ಲಿ ಗುಂಡಿಯಿಲ್ಲ.

ತೃತೀಯ ದೋಷ, ಶತಾಂಶ-ಸ್ಥಾನ-ಮಾಯೆ. ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ 2018ರಲ್ಲಿ ಶೇ 36ರಷ್ಟು ಮತ, 104 ಸ್ಥಾನ. 2023ರಲ್ಲೂ ಅದೇ ಶೇ 36, ಸ್ಥಾನ ಮಾತ್ರ 66. ಮಂಡ್ಯ ಜಿಲ್ಲೆಯ ಏಳಕ್ಕೇಳನ್ನೂ 2018ರಲ್ಲಿ ಬಾಚಿದ ಜೆಡಿಎಸ್‌ಗೆ 2023ರಲ್ಲಿ ದಕ್ಕಿದ್ದು ಒಂದು. ಸಾವಿರ ಜನರನ್ನು ಕೇಳಿದರೆ ಶೇ 3ರವರೆಗೆ ಆಚೀಚೆ ಆಗಬಹುದು. ಆ ಸಾವಿರವನ್ನು 224 ಕ್ಷೇತ್ರಕ್ಕೆ ಹಂಚಿದರೆ ತಲಾ ನಾಲ್ಕೂವರೆ ಮಂದಿ. ಮಳವಳ್ಳಿಯ ಪಾಲಿನ ಆ ಅರ್ಧ ಮನುಷ್ಯನನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಚತುರ್ಥದಿಂದ ಏಕಾದಶದವರೆಗಿನ ದೋಷಗಳಿಗೂ ಸಂಸ್ಕೃತದ ಹೆಸರು ಸಿದ್ಧವಿತ್ತು. ಬಿಡಿ, ಸಾಕು. ಲೆಕ್ಕ ತಪ್ಪುವುದು ಪಾಪವಲ್ಲ. ಲೆಕ್ಕ ಬಲ್ಲವರು ಎಷ್ಟು ತಪ್ಪಬಹುದೆಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದೇ ಇರುತ್ತಾರೆ. ಆ ಸಾಲನ್ನು ನುಂಗಿ ಅರಚುವವರದ್ದು ಪಾಪ. 2024ರ ಜೂನ್ 1ರ ಸಂಜೆ ಲೋಕಸಭೆಯ ಮತಗಟ್ಟೆ ಸಮೀಕ್ಷೆಗಳಲ್ಲಿ ಎನ್‌ಡಿಎಗೆ 350 ದಾಟಿಸಿದರು, ಕೆಲವರು 400 ಮುಟ್ಟಿಸಿದರು. ಜೂನ್ 4ಕ್ಕೆ ಬಂದದ್ದು 293. ಮಾರನೆಯ ದಿನ ಅದೇ ಮೇಜು, ಅದೇ ಕೋಟು, ತಪ್ಪಿದ್ದು ಮತದಾರ ಎಂಬ ಅದೇ ಮುಖ. ನಾಚಿಕೆಯಾದರೂ ಬೇಡವೇ?

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ. ಈ ಊರುಗಳ ಮಾತೂ ಈಗ ಹಾಗೆಯೇ ತಂತಿ ಹತ್ತಿ ಹೋಗಿ ಯಾರದೋ ಸ್ಟುಡಿಯೊ ಬೆಳಗುತ್ತದೆ.

ಹುಡುಗ ಹೊರಟಾಗ ಅಜ್ಜ ಕೇಳಿದ್ದ: "ನಾಲೆ ಕೊನೆಗೆ ನೀರ್ ಯಾವಾಗ್ ಬುಡ್ತಾರೆ ಅಂತ ಅದ್ರಲ್ಲಿ ಅದಾ, ಮಗಾ?" ಹುಡುಗ ಒಂದು ಗಳಿಗೆ ಟ್ಯಾಬ್ ನೋಡಿದ. ಆಮೇಲೆ ಅಜ್ಜನನ್ನು 'ಹೇಳಲಾಗದು' ಎಂಬ ಮನೆಗೆ ಸೇರಿಸಿ, ಬೈಕು ಹತ್ತಿದ.