ಹಿಂದಿನ ಮೆಕ್ಯಾನಿಕ್ ಯಾರು?

ಬೈಕನ್ನು ಸರ್ವೀಸಿಗೆ ಬಿಟ್ಟು ಬಂದ ದಿನ ನಿಮಗೂ ಊಟ ರುಚಿಸಿರಲಿಕ್ಕಿಲ್ಲ. ಕೌಂಟರಿನಲ್ಲಿ ಎಸಿ ಇರುತ್ತದೆ, ಕುಡಿಯಲು ತಣ್ಣನೆಯ ನೀರಿರುತ್ತದೆ, ಜಾಬ್ ಕಾರ್ಡಿನ ಮೇಲೆ ನಮ್ಮ ಸಹಿ ಇರುತ್ತದೆ, ‘ಸಂಜೆ ಆರಕ್ಕೆ ಬನ್ನಿ ಅಂಕಲ್’ ಎಂಬ ಮರ್ಯಾದೆಯೂ ಇರುತ್ತದೆ. ಆದರೆ ಗಾಡಿ ಒಳಗೆ ಹೋಗುವ ಬಾಗಿಲ ಮೇಲೆ ‘ಗ್ರಾಹಕರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು. ಸಂಕಟ ಶುರುವಾಗುವುದೇ ಅಲ್ಲಿಂದ. ಆಯಿಲ್ ನಿಜವಾಗಿಯೂ ಬದಲಾಯಿಸುತ್ತಾರೋ, ಇಲ್ಲಾ ಡಿಪ್‌ಸ್ಟಿಕ್ ಒರೆಸಿ ವಾಪಸ್ ಹಾಕುತ್ತಾರೋ? ಬಿಲ್ಲಿನ ಕೊನೆಗೆ ‘ಕನ್ಸ್ಯೂಮಬಲ್ಸ್’ ಎಂದು ಒಂದು ಸಾಲಿರುತ್ತದಲ್ಲ, ಅದು ಏನೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ನಿಮಗೆ ಬಂದಿದ್ದರೆ ಹೇಳಿಕಳಿಸಿ.

ನನ್ನ ಅನುಮಾನ ಪಿತ್ರಾರ್ಜಿತ ಆಸ್ತಿ. ಈಗ ಮುಂಬೈನ ಭಾಂಡುಪ್ ವಾಸಿಯಾದರೂ ಮೂಲತಃ ನಾನು ಮೈಸೂರಿನವನು. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯಜ್ಡಿ ಬೈಕುಗಳನ್ನು ಹೊರಗೆ ಬಿಡುತ್ತಿತ್ತು. ಅಪ್ಪನ ಹತ್ತಿರ ಒಂದು ಯಜ್ಡಿ ಇತ್ತು. ಅದರಲ್ಲಿ ಕಿಕ್ ಹೊಡೆಯುವ ಲಿವರೇ ಮಗುಚಿಕೊಂಡು ಗೇರ್ ಲಿವರೂ ಆಗುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸುವುದರಿಂದ ಹಿಡಿದು ಪ್ಲಗ್ಗಿನ ಮಸಿ ಉಜ್ಜುವವರೆಗೆ ಎಲ್ಲವೂ ಅಪ್ಪನದೇ ಕೈ. ‘ಬಿಚ್ಚೋಕೆ ಬರದವನು ಗಾಡಿ ಇಟ್ಕೋಬಾರದು’ ಅನ್ನುತ್ತಿದ್ದರು. ಬಿಚ್ಚಿದ ಮೇಲೆ ಜೋಡಿಸಲೂ ಅವರಿಗೆ ಬರುತ್ತಿತ್ತು ಎಂಬ ಸಣ್ಣ ಅಂಶವನ್ನು ನಾನು ಗಮನಿಸಿರಲಿಲ್ಲ.

ಮೊದಲು ಪತ್ತೇದಾರಿಕೆಯಿಂದ ಶುರು ಮಾಡಿದೆ. ಸರ್ವೀಸಿಗೆ ಬಿಡುವ ಹಿಂದಿನ ರಾತ್ರಿ ಹೆಂಡತಿಯ ಕೆಂಪು ನೇಲ್ ಪಾಲಿಶ್ ಕದ್ದು, ಸೈಡ್ ಕವರ್ ತೆಗೆದು, ಏರ್ ಫಿಲ್ಟರಿಗೆ ಒಂದು ಬೊಟ್ಟಿಟ್ಟೆ. ಸಂಜೆ ಗಾಡಿ ಬಂತು. ಬಿಲ್ಲಿನಲ್ಲಿ ‘ಏರ್ ಫಿಲ್ಟರ್ ಬದಲಾವಣೆ’ ಎಂದಿದೆ, ಬೊಟ್ಟು ಮಾತ್ರ ಇಟ್ಟಲ್ಲೇ ಇದೆ! ಕೌಂಟರಿನಲ್ಲಿ ನಿಂತು, ಕಾಯುತ್ತಿದ್ದ ಸಮಸ್ತ ಗ್ರಾಹಕರ ಪರವಾಗಿ, ಮರಾಠಿ-ಹಿಂದಿ ಬೆರೆಸಿ ಭಾಷಣ ಮಾಡಿದೆ. ಕೇಳುತ್ತಿದ್ದವರೊಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಸೂಪರ್‌ವೈಸರ್ ಹುಡುಗ ಶಾಂತವಾಗಿ ಬಂದು ಎರಡು ಸ್ಕ್ರೂ ಬಿಚ್ಚಿದ. ನಾನು ಬೊಟ್ಟಿಟ್ಟಿದ್ದು ಡಬ್ಬಕ್ಕೆ. ಫಿಲ್ಟರ್ ಇರುವುದು ಡಬ್ಬದೊಳಗೆ. ಅದು ಹೊಚ್ಚ ಹೊಸದಾಗಿ ಬೆಳ್ಳಗೆ ನಗುತ್ತಿತ್ತು. ಚಪ್ಪಾಳೆ ತಟ್ಟಿದವರು ಮೊಬೈಲು ನೋಡತೊಡಗಿದರು.

ಇಷ್ಟಾದ ಮೇಲೆ ಯಾರಾದರೂ ಸುಮ್ಮನಾಗುತ್ತಿದ್ದರು. ಆ ಹುಡುಗನಿಗೆ ಮತ್ತೆ ಮುಖ ತೋರಿಸುವುದಕ್ಕಿಂತ ನಾನೇ ಮೆಕ್ಯಾನಿಕ್ ಆಗುವುದು ಸುಲಭ ಅನ್ನಿಸಿತು ನನಗೆ. ಮನೆಯಲ್ಲಿ ಮಂಜೂರಾತಿ ಪಡೆಯಲು ಕಾನೂನಿನ ಮೊರೆ ಹೋದೆ. ‘ನೋಡು, 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಯಾಕೆ ಗೊತ್ತಾ? ಹೊರಗಿನ ಗ್ಯಾರೇಜಿನವರಿಗೆ ಬಿಡಿಭಾಗ, ರಿಪೇರಿ ಮಾಹಿತಿ ಸಿಗದ ಹಾಗೆ ಮಾಡಿದ್ದಕ್ಕೆ. ರಿಪೇರಿ ನಮ್ಮ ಹಕ್ಕು ಕಣೇ!’

‘ಅವು ಕಾರಿನ ಕಂಪನಿಗಳಲ್ವಾ ರೀ?’ ಅಂದಳು. ನನಗಿಂತ ಮೊದಲೇ ಪೇಪರ್ ಓದುವ ಹೆಂಡತಿ ಇದ್ದರೆ ಇದೇ ಗತಿ.

ನನ್ನದು 100 ಸಿಸಿಯ ಹಳೆಯ ಬೈಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಫ್ಯುಯೆಲ್ ಇಂಜೆಕ್ಷನ್, ಸೆನ್ಸರ್ ಎಲ್ಲ ಇರುವುದರಿಂದ ನನ್ನಂಥವರು ಹತ್ತಿರ ಹೋಗಲು ಹೆದರುತ್ತಾರೆ. ಕಾರ್ಬುರೇಟರಿನ ಗಾಡಿಗೆ ಆ ರಕ್ಷಣೆ ಇಲ್ಲ. ಎರಡು ಸ್ಕ್ರೂಗಳು ಎದುರಿಗೇ ಇರುತ್ತವೆ, ಒಂದು ಐಡ್ಲಿಂಗಿಗೆ, ಇನ್ನೊಂದು ಗಾಳಿ-ಪೆಟ್ರೋಲಿನ ಹದಕ್ಕೆ. ಎರಡನ್ನೂ ತಿರುಗಿಸಿದೆ. ಯಾವುದನ್ನು ಎಷ್ಟು, ಯಾವ ಕಡೆಗೆ ಎಂದು ಬರೆದಿಟ್ಟುಕೊಳ್ಳಲಿಲ್ಲ. ಅಂದಿನಿಂದ ನನ್ನ ಬೈಕು ನಿಂತಲ್ಲಿ ಆರ್ಭಟಿಸುತ್ತಿತ್ತು, ಆಕ್ಸಿಲರೇಟರ್ ಕೊಟ್ಟರೆ ಮೌನವ್ರತ ಹಿಡಿಯುತ್ತಿತ್ತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಇರುವಷ್ಟು ಹೊತ್ತು ನಾನೇ ರಾಜ.

ಮುಂದಿನದು ಆಯಿಲ್. ವಿಡಿಯೋದಲ್ಲಿ ಒಬ್ಬ ಹುಡುಗ ಬಿಳಿ ಅಂಗಿ ಹಾಕಿಕೊಂಡು ಎಂಜಿನ್ ಆಯಿಲ್ ಬದಲಾಯಿಸಿ, ಅದೇ ಬಿಳಿ ಅಂಗಿಯಲ್ಲಿ ಕೈ ಬೀಸಿ ಹೋದ. ಕುರ್ಲಾಕ್ಕೆ ಹೋಗಿ ಪಾನಾಗಳ ಸೆಟ್ಟೊಂದನ್ನು ತಂದೆ. ಡ್ರೈನ್ ಬೋಲ್ಟಿಗೆ ಬೇಕಾದ ಅಳತೆಯೊಂದನ್ನು ಬಿಟ್ಟು ಬೇರೆಲ್ಲ ಅದರಲ್ಲಿದ್ದವು. ಮತ್ತೆ ಕುರ್ಲಾ. ವಿಡಿಯೋದಲ್ಲಿ ಹೇಳದೆ ಬಿಟ್ಟ ಇನ್ನೊಂದು ಸಂಗತಿ ಭೂಗೋಳಕ್ಕೆ ಸೇರಿದ್ದು. ಭಾಂಡುಪ್ ಪಶ್ಚಿಮ ಅಂದರೆ ಗುಡ್ಡದ ಮಗ್ಗುಲು. ರೈಲು ಹಳಿಯಿಂದ ನ್ಯಾಷನಲ್ ಪಾರ್ಕಿನ ಕಡೆಗೆ ಏರುತ್ತಲೇ ಹೋಗುತ್ತದೆ. ನಮ್ಮ ಸೊಸೈಟಿಯ ಪಾರ್ಕಿಂಗೂ ಇಳಿಜಾರು. ಇಡ್ಲಿ ಪಾತ್ರೆಯನ್ನು ಬೋಲ್ಟಿನ ಕೆಳಗೇ ಇಟ್ಟಿದ್ದೆ, ಸುಳ್ಳಲ್ಲ. ಬಿಸಿ ಎಣ್ಣೆ ಕೈಮೇಲೆ ಬಿದ್ದು ನಾನು ಹಾರಿದಾಗ ಪಾತ್ರೆಗೆ ಕಾಲು ತಗುಲಿತು. ಕಪ್ಪು ಎಣ್ಣೆ ಮೊದಲು ಸೆಕ್ರೆಟರಿಯವರ ಬಿಳಿ ಕಾರನ್ನು ದಾಟಿತು, ಆಮೇಲೆ ವಾಚ್‌ಮನ್ ಕುರ್ಚಿಯ ಕಾಲುಗಳನ್ನು ಸವರಿಕೊಂಡು ಗೇಟಿನತ್ತ ಹೊರಟಿತು. ಪಾಲಿಕೆ ಇದೇ ಭಾಂಡುಪ್ಪಿನಲ್ಲಿ ನೀರನ್ನು ಶುದ್ಧ ಮಾಡಿ ಮುಂಬೈಗೆ ಕಳಿಸುತ್ತದೆ. ನನ್ನ ಕಾಣಿಕೆ ವಿರುದ್ಧ ದಿಕ್ಕಿನದು. ತಡೆಯಲು ಮರಳಿಲ್ಲ, ಮರದ ಹೊಟ್ಟಿಲ್ಲ. ಮನೆಯಲ್ಲಿದ್ದ ರಂಗೋಲಿ ಪುಡಿಯನ್ನೆಲ್ಲ ತಂದು ಸುರಿದೆ. ಹಳದಿ, ಗುಲಾಬಿ, ನೀಲಿ. ಮೂರನೇ ಮಹಡಿಯ ಅಜ್ಜಿ ಬಗ್ಗಿ ನೋಡಿ, ಇವತ್ತು ನಿಮ್ಮ ಕಡೆ ಏನು ಹಬ್ಬ ಎಂದು ಕೇಳಿದರು. ಏನೋ ಒಂದು ವ್ರತ ಅಂದೆ. ಅವರು ಮೇಲಿನಿಂದಲೇ ಕೈಮುಗಿದರು.

ಇನ್ನು ಒಂದು ಹನಿಯೂ ಸೋರಕೂಡದು ಎಂದು ಹಟ ತೊಟ್ಟು ಬೋಲ್ಟನ್ನು ಬಿಗಿದೆ. ಸಾಲದೆಂದು ಪಾನಾದ ಹಿಡಿಗೆ ಪೈಪು ಸಿಕ್ಕಿಸಿ ಇನ್ನಷ್ಟು ಬಿಗಿದೆ. ಕಟಕ್! ಬೋಲ್ಟು ಉಕ್ಕಿನದು, ಎಂಜಿನ್ನಿನ ಹೊಟ್ಟೆ ಅಲ್ಯೂಮಿನಿಯಮ್ಮಿನದು. ಇಬ್ಬರಿಗೂ ಜಗಳವಾದರೆ ಸೋಲುವುದು ಹೊಟ್ಟೆಯೇ. ಚೂಡಿ, ಅಂದರೆ ಒಳಗಿನ ಥ್ರೆಡ್ಡು, ಹೋಗಿತ್ತು. ಬೋಲ್ಟು ಈಗ ಎಷ್ಟು ತಿರುಗಿಸಿದರೂ ಬೇಸರವಿಲ್ಲದೆ ತಿರುಗುತ್ತಿತ್ತು. ಅದಕ್ಕೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಸುತ್ತಿ, ಮೇಲೆ ಎಂ-ಸೀಲ್ ಮೆತ್ತಿದೆ. ಕಲಾಕೃತಿಯ ಮೇಲೆ ಹೆಬ್ಬೆರಳಿನ ಗುರುತೂ ಸ್ಪಷ್ಟವಾಗಿ ಮೂಡಿತ್ತು.

ಆ ವಿಜಯದ ಅಮಲಿನಲ್ಲೇ ಚೈನು ಬಿಗಿ ಮಾಡಿದೆ. ಕೈಗೆ ಅಡ್ಡವೆಂದು ಹಿಂದಿನ ಬ್ರೇಕಿನ ರಾಡಿಗಿರುವ ನಟ್ಟನ್ನು ಬಿಚ್ಚಿದ್ದೆ, ವಾಪಸ್ ಹಾಕಿದೆನೆಂದೂ ನಂಬಿದ್ದೆ. ಮುಂದಿನ ಬ್ರೇಕನ್ನು ಹಿಂದಿನ ವಾರವೇ ‘ನಯ’ ಮಾಡಿದ್ದರಿಂದ ಲಿವರ್ ಹ್ಯಾಂಡಲಿಗೆ ತಾಗಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಇಂಥ ಗಾಡಿಯ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಸ್ಟೇಷನ್ ಕಡೆಗೆ ಇಳಿಯತೊಡಗಿದೆ. ಪೆಡಲ್ ಒತ್ತಿದೆ, ಅದು ಕೆಳಗೆ ಹೋಗಿ ಅಲ್ಲೇ ಉಳಿಯಿತು. ರಿಕ್ಷಾ ತಪ್ಪಿತು. ಬೆಸ್ಟ್ ಬಸ್ಸು ತಪ್ಪಿತು, ಅಥವಾ ಅದರ ಡ್ರೈವರೇ ತಪ್ಪಿಸಿಕೊಂಡ. ‘ಹಟೋ! ಬಾಜೂಲಾ ವ್ಹಾ! ಅಯ್ಯೋ ಸರೀರಿ!’ ಎಂದು ಬಾಯಿಗೆ ಬಂದ ಭಾಷೆಯಲ್ಲಿ ಕೂಗುತ್ತ, ಎರಡೂ ಕಾಲು ನೆಲಕ್ಕೆ ಉಜ್ಜುತ್ತ ಹೋದೆ. ಒಂದು ಚಪ್ಪಲಿ ದಾರಿಯಲ್ಲೇ ರಾಜೀನಾಮೆ ಕೊಟ್ಟಿತು. ಹಿಂದಿನಿಂದ ಹೆಂಡತಿ, ‘ರಿಪೇರಿ ಮಾಡಿದ್ದು ಸಾರ್ಥಕ ರೀ, ಎಷ್ಟು ಚೆನ್ನಾಗಿ ಓಡ್ತಿದೆ!’ ಅಂದಳು. ಉತ್ತರ ಕೊಡುವಷ್ಟರಲ್ಲಿ ಯಾರೋ ಪುಣ್ಯಾತ್ಮರು ರಸ್ತೆ ಕೆಲಸಕ್ಕೆ ಸುರಿದಿದ್ದ ಮರಳಿನ ಗುಡ್ಡೆ ಎದುರಾಯಿತು. ಇಬ್ಬರೂ ಅದರ ಮೇಲೆ ಗೌರವಪೂರ್ವಕವಾಗಿ ಆಸೀನರಾದೆವು.

ಮುಂಬೈ ಜನ ದೊಡ್ಡವರು. ಒಬ್ಬ ನೀರು ಕೊಟ್ಟ, ಒಬ್ಬ ಚಪ್ಪಲಿ ಹುಡುಕಿ ತಂದ, ಇನ್ನೊಬ್ಬ ಗುರುತಿಲ್ಲದ ತರುಣ ತನ್ನ ಬೈಕಿನಿಂದ ಕಾಲು ಚಾಚಿ, ನನ್ನ ಗಾಡಿಯ ಫುಟ್‌ರೆಸ್ಟಿಗೆ ಒತ್ತಿ, ಮೆಟ್ರೋ ಕಾಮಗಾರಿಯ ಬ್ಯಾರಿಕೇಡುಗಳ ನಡುವೆ ಎಲ್‌ಬಿಎಸ್ ಮಾರ್ಗದುದ್ದಕ್ಕೂ ಮೆಲ್ಲಗೆ ಟೋಚನ್ ಮಾಡಿದ. ಎಲ್ಲಿಗೆ ಬಿಡಲಿ ಎಂದು ಅವನು ಕೇಳಲಿಲ್ಲ. ದೊಡ್ಡ ಬೋರ್ಡಿರುವ ಸರ್ವೀಸ್ ಸೆಂಟರಿಗೇ ತಂದು ಬಿಟ್ಟು, ದುಡ್ಡೂ ಬೇಡವೆಂದು ಹೊರಟುಹೋದ. ಹೆಂಡತಿ ರಿಕ್ಷಾದಲ್ಲಿ ಬಂದು ಇಳಿದಳು.

ಅದೇ ಸೂಪರ್‌ವೈಸರ್. ನನ್ನನ್ನು ಗುರುತಿಸಿದನೋ ಇಲ್ಲವೋ, ಮುಖದಲ್ಲಿ ತೋರಗೊಡಲಿಲ್ಲ. ಬಗ್ಗಿ ಎಂಜಿನ್ನಿನ ಕೆಳಗೆ ಟಾರ್ಚ್ ಬಿಟ್ಟ. ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಒಳಗಿದ್ದ ಮೆಕ್ಯಾನಿಕ್‌ಗಳನ್ನೆಲ್ಲ ಕರೆದ. ಎಂ-ಸೀಲನ್ನು ಎಬ್ಬಿಸಿ ಟೆಫ್ಲಾನ್ ಟೇಪನ್ನು ಎಳೆದರು, ಎಳೆದಷ್ಟೂ ಬಂತು.

‘ಇದನ್ನು ಹಿಂದೆ ಬಿಚ್ಚಿದ ಮೆಕ್ಯಾನಿಕ್ ಯಾರು ಅಂಕಲ್?’

‘ಗಾಢವ್ ನಾಕಾ ಹತ್ತಿರ ಒಬ್ಬ ಇದ್ದಾನೆ’ ಅಂದೆ.

‘ಮೆಕ್ಯಾನಿಕ್ ಅಲ್ಲ ಬಿಡಿ, ಪ್ಲಂಬರ್ ಇರಬೇಕು.’

‘ಇದ್ದರೂ ಇರಬಹುದು. ನನಗೂ ಆಮೇಲೆ ಅನುಮಾನ ಬಂತು. ಮಾತು ಮಾತ್ರ ಜಾಸ್ತಿ ಅವನದು.’

ಹುಡುಗನಿಗೆ ನನ್ನ ಮೇಲೆ ಮರುಕ ಉಕ್ಕಿತು. ವಯಸ್ಸಾದವರಿಗೆ ಹೀಗೆಲ್ಲ ಮೋಸ ಮಾಡುತ್ತಾರಲ್ಲ ಎಂದು ಮಿಡುಕಿದ. ರಿಪೇರಿ ಅಂಥ ದೊಡ್ಡದೇನಲ್ಲ, ಆದರೂ ಖರ್ಚನ್ನು ಆ ಮೆಕ್ಯಾನಿಕ್‌ನಿಂದಲೇ ವಸೂಲಿ ಮಾಡಬೇಕು, ಬೇಕಾದರೆ ತಾನೇ ನಾಲ್ಕು ಹುಡುಗರನ್ನು ಕರೆದುಕೊಂಡು ಬರುತ್ತೇನೆ ಎಂದ. ಜೇಬಿನಿಂದ ಪೆನ್ನು ತೆಗೆದು, ಜಾಬ್ ಕಾರ್ಡು ತಿರುಗಿಸಿ, ಅವನ ಅಡ್ರೆಸ್ ಹೇಳಿ ಅಂಕಲ್ ಅಂದ.

ನಾನು ತಡವರಿಸುತ್ತಿದ್ದೆ. ಸೀರೆಯ ಮರಳು ಕೊಡವಿಕೊಳ್ಳುತ್ತಿದ್ದ ಹೆಂಡತಿ ಮುಂದೆ ಬಂದಳು.

‘ಪತಾ ಮೈಂ ದೇತೀ ಹೂಂ ಬೇಟಾ, ಲಿಖ್ ಲೋ.’