ಓಬವ್ವನ ಊರಿನ ನಲ್ಲಿ

ಚಿತ್ರದುರ್ಗದ ಓಬವ್ವ ಹೈದರಾಲಿಯ ಸೈನಿಕರನ್ನು ಕಂಡಿದ್ದೇ ನೀರಿಗೆ ಹೋದಾಗ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಮನೆಯಲ್ಲಿ ಕುಡಿಯೋ ನೀರಿಲ್ಲ! ಈಗ ನಗರಸಭೆ ನಲ್ಲಿ ಕೊಟ್ಟಿದೆ. ಕಾವಲು ಮಾತ್ರ ನಮಗೆ ತಪ್ಪಿಲ್ಲ. ಕೊಡ ಸಾಲಾಗಿಟ್ಟು ನಲ್ಲಿ ‘ಸುಸ್ಸ್’ ಅನ್ನೋದನ್ನೇ ಕಾಯುತ್ತೇವೆ. ಅಧ್ಯಕ್ಷರು, ಪೌರಾಯುಕ್ತರು ಯಾರೇ ಇರಲಿ, ನಮ್ಮ ಬೀದಿಗೆ ದೊಡ್ಡವನು ವಾಲ್ವ್ ತಿರುಗಿಸುವವನು. ಅವನ ಸೈಕಲ್ ಕಂಡರೆ ಸಾಕು, ಎದುರುಮನೆ ಅಜ್ಜಿ “ಬಂದ್ಯೇನಪ್ಪಾ, ಕಾಫಿ ಕುಡ್ದು ಹೋಗು” ಅನ್ನುತ್ತಾಳೆ. ಅಷ್ಟು ಉಪಚಾರ ಅಳಿಯನಿಗೂ ಇಲ್ಲ.

ಕೋಟೆಯಲ್ಲಾದರೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಕ್ಕೆ ಮಳೆನೀರು ತಾನೇ ಇಳಿಯುತ್ತಿತ್ತು. ವಾಲ್ವೂ ಇಲ್ಲ, ಕಾಫಿ ಖರ್ಚೂ ಇಲ್ಲ.

ನಲ್ಲಿ ಕೊಟ್ಟ ಅದೇ ನಗರಸಭೆಗೆ ಏಪ್ರಿಲ್‌ನಲ್ಲೇ ಮನೆಕಂದಾಯ ಕಟ್ಟಿದರೆ ಶೇ. 5 ರಿಯಾಯಿತಿ. ಹೋದ ಸಲ ಓಡಿಹೋಗಿ ಕಟ್ಟಿ ಬಂದೆ. ಉಳಿದ ದುಡ್ಡು ಆಟೋಗೂ ಮಸಾಲೆದೋಸೆಗೂ ಸರಿಹೋಯಿತು. ಕಾಫಿಗೆ ಕೈಯಿಂದ ಹಾಕಬೇಕಾಯಿತು.